ಸೈಡು ಕೊಡದ ವರ್ಷ

ಹೋದ ತಿಂಗಳು ಒಂದು ಮದುವೆಗೆಂದು ಮಂಡ್ಯಕ್ಕೆ ಹೋಗಿದ್ದೆ. ಊರು ಇನ್ನೂ ದೂರವಿರುವಾಗಲೇ ನಮ್ಮ ಬಸ್ಸು ಕಬ್ಬಿನ ಲಾರಿಗಳ ಹಿಂದೆ ಸಿಕ್ಕಿಕೊಂಡಿತು. ಡ್ರೈವರು ಹಾರನ್ನಿನ ಮೇಲಿಟ್ಟ ಕೈ ತೆಗೆಯಲೇ ಇಲ್ಲ. ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗಿ, ಈಗಿನ ಡ್ರೈವರುಗಳಿಗೆ ತಾಳ್ಮೆಯೇ ಇಲ್ಲವೆಂದೂ, ನನ್ನಂಥ ಅಜ್ಜಿಯರ ಕಾಲದಲ್ಲಿ ರಸ್ತೆ ಎಷ್ಟು ನೆಮ್ಮದಿಯಾಗಿದ್ದಿರಬೇಕೆಂದೂ ಹೇಳಿದಳು. ಅಷ್ಟರಲ್ಲಿ ಸಕ್ಕರೆ ಕಾರ್ಖಾನೆಯ ಕಡೆಯಿಂದ ಗಾಳಿ ತಿರುಗಿ ಕಾಕಂಬಿಯ ವಾಸನೆ ಬಸ್ಸಿನೊಳಕ್ಕೆ ನುಗ್ಗಿತು. ಸಿಹಿ, ಹುಳಿ, ಸ್ವಲ್ಪ ಸುಟ್ಟದ್ದು, ಎಲ್ಲ ಬೆರೆತ ವಾಸನೆ. ನನ್ನ ಎರಡು ಕೈಗಳೂ ತಾವಾಗಿಯೇ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡವು.

ಎರಡನೇ ಮಹಾಯುದ್ಧ ಶುರುವಾದ ವರ್ಷ ಅದು. ಮಂಡ್ಯ ಜಿಲ್ಲೆಯಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಅದಕ್ಕೆ ಮುಂಚೆ ಅದು ರೈಲು ನಿಲ್ಲುವ ಒಂದು ಸಣ್ಣ ಊರು. ನಾಲೆಯ ನೀರು ಬಂತು, ಕಬ್ಬು ಬಂತು, ಕಾರ್ಖಾನೆ ಬಂತು, ಕಡೆಗೆ ಕಚೇರಿಗಳೂ ಬಂದವು. ಇಷ್ಟೆಲ್ಲಕ್ಕೂ ಇದ್ದದ್ದು ಮೊದಲಿನದೇ ಒಂದು ರಸ್ತೆ. ಕಬ್ಬಿನ ಗಾಡಿಗಳ ಸಾಲು, ಜಟಕಾಗಳು, ಹೊಸ ಕಟ್ಟಡಗಳಿಗೆ ಕಲ್ಲು ಹೊರುವ ಲಾರಿಗಳು, ಸಾಹೇಬರ ಕಾರುಗಳು, ನಿನ್ನೆ ಮೊನ್ನೆ ಸೈಕಲ್ ಕಲಿತ ಗುಮಾಸ್ತರು, ಎಲ್ಲರೂ ಅದರ ಮೇಲೆಯೇ. ರಸ್ತೆಗೆ ಎಡ ಬಲ ಎಂಬುದಿದೆ ಎಂದು ನಮ್ಮ ಜನಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ನಡುರಸ್ತೆಯಲ್ಲಿ ನಿಂತು ಭತ್ತದ ಧಾರಣೆ ಮಾತಾಡುವವರು ಹಾರನ್ ಕೇಳಿದರೆ ಒಮ್ಮೆ ತಿರುಗಿ ನೋಡಿ, ಮಾತು ಮುಗಿಸಿಯೇ ಸರಿಯುತ್ತಿದ್ದರು.

ನಾನಾಗ ಮದ್ದೂರಿನ ಆಸ್ಪತ್ರೆಯಲ್ಲಿ ಹೆರಿಗೆ ನರ್ಸು. ಮದುವೆಯಾಗಿ ಎರಡು ವರ್ಷಕ್ಕೆ ಗಂಡ ತೀರಿಕೊಂಡಾಗ, ಇನ್ನು ಮನೆಯಲ್ಲಿ ಮೂಲೆ ಹಿಡಿದು ಕೂರಬೇಕಾದವಳು ಎಂದು ನೆಂಟರೆಲ್ಲ ತೀರ್ಮಾನ ಮಾಡಿಬಿಟ್ಟಿದ್ದರು. ನನ್ನಣ್ಣ ಬೋರಣ್ಣ ಒಬ್ಬನೇ ಅದನ್ನು ಒಪ್ಪಲಿಲ್ಲ. ಯಾರಿಗೂ ಹೇಳದೆ ನನ್ನನ್ನು ಮೈಸೂರಿಗೆ ಕರೆದುಕೊಂಡು ಹೋಗಿ ಕೆಲಸ ಕಲಿಯಲು ಬಿಟ್ಟು ಬಂದ. ಕೆಲಸ ಸಿಕ್ಕ ಮೇಲೆ ಮಂಡ್ಯದ ತನ್ನ ಮನೆಯಲ್ಲೇ ಇಟ್ಟುಕೊಂಡ. ಅವನು ಮಂಡ್ಯದಿಂದ ಮದ್ದೂರಿನ ಮೇಲೆ ಮಳವಳ್ಳಿಗೆ ಹೋಗುವ ಬಸ್ಸಿನ ಡ್ರೈವರು. ಬೆಳಿಗ್ಗೆ ಅವನ ಹಿಂದಿನ ಸೀಟಿನಲ್ಲಿ ಕೂತು ಮದ್ದೂರಿನಲ್ಲಿ ಇಳಿಯುತ್ತಿದ್ದೆ, ಸಂಜೆ ಅದೇ ಬಸ್ಸಿನಲ್ಲಿ ವಾಪಸಾಗುತ್ತಿದ್ದೆ.

ಅಣ್ಣ ಮೊದಲು ಎತ್ತಿನ ಗಾಡಿ ಹೊಡೆಯುತ್ತಿದ್ದವನು. ಅವನಿಗೆ ಬಸ್ಸು ಕಲಿಸಿದವರು ಗೌಸ್ ಸಾಬರು. ನಾವು ಗೌಸಣ್ಣ ಎನ್ನುತ್ತಿದ್ದೆವು. ಮಂಡ್ಯದ ಪೇಟೆಯವರು, ಅಣ್ಣನಿಗಿಂತ ಹತ್ತು ವರ್ಷ ದೊಡ್ಡವರು, ಇಂಜಿನ್ನಿನ ಸದ್ದಿಗೆ ಕಿವಿ ಕೊಟ್ಟೇ ಅದರ ಕಾಯಿಲೆ ಹೇಳುವವರು. ಒಂದೇ ಧಣಿಯ ಎರಡು ಬಸ್ಸುಗಳನ್ನು ಇಬ್ಬರೂ ನಡೆಸುತ್ತಿದ್ದರು. ಒಬ್ಬರು ಹೋದ ಎಷ್ಟೋ ಹೊತ್ತಿಗೆ ಇನ್ನೊಬ್ಬರು. ಅಜ್ಜಿಯೊಬ್ಬಳು ಹೊಲದಾಚೆಯಿಂದ ಕೈ ಬೀಸಿದರೂ ಅಣ್ಣ ಬಸ್ಸು ನಿಲ್ಲಿಸಿಕೊಂಡು, ಅವಳು ಬದುವಿನ ಮೇಲೆ ನಡೆದು ಬರುವವರೆಗೂ ಕಾಯುತ್ತಿದ್ದ.

ಆ ಚಳಿಗಾಲದಲ್ಲಿ ಇನ್ನೊಬ್ಬ ಸಾಹುಕಾರರು ಅದೇ ದಾರಿಗೆ ಹೊಸ ಬಸ್ಸು ಇಳಿಸಿದರು. ಗೌಸಣ್ಣ ಆ ಕಡೆ ಹೋದರು. ಅದರಲ್ಲಿ ತಪ್ಪೇನೂ ಇರಲಿಲ್ಲ, ಅವರ ಸಂಸಾರ ದೊಡ್ಡದು. ಆದರೆ ಹೊಸ ಬಸ್ಸು ನಮ್ಮ ಬಸ್ಸು ಹೊರಡುವ ಹೊತ್ತಿಗೇ ಹೊರಡತೊಡಗಿತು. ಮುಂದೆ ಹೋದವನಿಗೆ ಜನ ಸಿಗುತ್ತಾರೆ, ಹಿಂದೆ ಬಿದ್ದವನಿಗೆ ಧೂಳು ಎಂದು ಧಣಿ ಅಣ್ಣನಿಗೆ ಹೇಳಿದ್ದರು. ಗೌಸಣ್ಣನಿಗೂ ಅವರ ಧಣಿ ಅದನ್ನೇ ಹೇಳಿದ್ದಿರಬೇಕು.

ಅಣ್ಣ ಬದಲಾದದ್ದು ನನ್ನ ಕಣ್ಣೆದುರಿಗೇ. ಮೊದಲು ಅಜ್ಜಿಯರಿಗೆ ಕಾಯುವುದು ನಿಂತಿತು. ಆಮೇಲೆ, ಹತ್ತಲು ಒಂದು ಕಾಲಿಟ್ಟವರನ್ನು ಕಂಡಕ್ಟರು ರಟ್ಟೆ ಹಿಡಿದು ಒಳಗೆಳೆದುಕೊಳ್ಳುವಷ್ಟರಲ್ಲೇ ಬಸ್ಸು ಹೊರಟಿರುತ್ತಿತ್ತು. ಗಾಡಿಯವರನ್ನು ಕಂಡರೆ ಅವನ ಬಾಯಿಂದ ಬೈಗಳು ಬರುತ್ತಿದ್ದವು. ಮನೆಯಲ್ಲಿ ಊಟಕ್ಕೆ ಕೂತರೂ ಅವನ ಬಲಗಾಲು ನೆಲವನ್ನು ಒತ್ತುತ್ತಲೇ ಇರುತ್ತಿತ್ತು. ಮುದ್ದೆ ಮುರಿಯುತ್ತ ಬಾಗಿಲ ಕಡೆ ನೋಡುವನು, ರಸ್ತೆಯಲ್ಲಿ ಯಾವ ಹಾರನ್ ಕೇಳಿದರೂ ಕೈ ತಡೆಯುವನು. ಅತ್ತಿಗೆ ನನ್ನ ಮುಖ ನೋಡುತ್ತಿದ್ದಳು, ನಾನು ಅವಳ ಮುಖ ನೋಡುತ್ತಿದ್ದೆ. ಸಾವಕಾಶ ಹೊಡಿ ಎಂದು ನಾನೊಮ್ಮೆ ಹೇಳಿದ್ದಕ್ಕೆ, ನಿನ್ನ ಆಸ್ಪತ್ರೆಯ ವಿಷಯಕ್ಕೆ ನಾನು ಬರುತ್ತೇನೆಯೇ ಎಂದು ಕೇಳಿದ್ದ.

ಮದ್ದೂರಿನ ದಾರಿಯಲ್ಲಿ ಹೊಸ ನಾಲೆಗೆ ಕಟ್ಟಿದ ಕಿರಿದಾದ ಸೇತುವೆಯೊಂದಿತ್ತು. ಒಂದು ಬೆಳಿಗ್ಗೆ ಎರಡು ಬಸ್ಸುಗಳೂ ಒಟ್ಟಿಗೇ ಅದಕ್ಕೆ ನುಗ್ಗಿದವು. ತಗಡು ತಗಡಿಗೆ ಉಜ್ಜಿದ ಸದ್ದಾಯಿತು. ಎರಡರ ಮಡ್‌ಗಾರ್ಡುಗಳೂ ಸಿಕ್ಕಿಹಾಕಿಕೊಂಡು ಬಸ್ಸುಗಳು ಅಲ್ಲೇ ನಿಂತವು. ನಮ್ಮ ಎಡಗಡೆ ಕಿಟಕಿಯವರಿಗೆ ಕೆಳಗೆ ನಾಲೆಯ ನೀರು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಮಗುವನ್ನೆತ್ತಿಕೊಂಡಿದ್ದ ಒಬ್ಬಳು ಅಳತೊಡಗಿದಳು. ಗೌಸಣ್ಣ ಆ ಬಸ್ಸಿನ ಜನರ ತಲೆಗಳ ಮೇಲಿಂದ ಅಣ್ಣನನ್ನು ನೋಡಿದರು.

"ಬೋರ, ಇಂದಕ್ಕೆ ತಕ್ಕೊ" ಎಂದರು.

"ನೀ ತಕ್ಕೊ ಗೌಸಣ್ಣ. ಮೊದ್ಲು ಬಂದೋನು ನಾನು."

ಇಬ್ಬರೂ ಇಂಜಿನ್ ನಿಲ್ಲಿಸಿ ಮುಂದೆ ನೋಡುತ್ತ ಕೂತರು. ಹಿಂದೆ ಗಾಡಿಗಳು ಸೇರಿದವು, ಜಟಕಾ ಕುದುರೆಗಳು ಕೆನೆದವು, ಯಾರೋ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಕಟ್ಟೆಯ ಮೇಲೆ ದಾಟಿದರು. ಕಲಿಸಿದವರು, ಕಲಿತವನು, ಇಬ್ಬರೂ ಕೂತೇ ಇದ್ದರು. ಎದ್ದು ಅಣ್ಣನ ಬೆನ್ನ ಹಿಂದೆ ನಿಂತೆ.

"ಅಣ್ಣ, ನಾ ಇಳ್ಕೋತೀನಿ. ನಾಳಿಂದ ನಿನ್ ಬಸ್ಸು ಹತ್ತಕಿಲ್ಲ."

ಅವನು ತಿರುಗಿ ನೋಡಲಿಲ್ಲ. "ಇಳ್ಕೊ ಓಗಮ್ಮಿ. ನಿನ್ನೊಬ್ಳಿಂದ ಬಸ್ಸು ನಿಂತೋಯ್ತದಾ?"

ಹಿಂದಿನ ಬಾಗಿಲು ಇನ್ನೂ ಸೇತುವೆಯ ಈಚೆಗೇ ಇತ್ತು. ನಾನು ಇಳಿದೆ. ಅಳುತ್ತಿದ್ದವಳೂ ಇಳಿದಳು, ಇನ್ನೂ ಇಬ್ಬರು ಮೂವರು ಹೆಂಗಸರು ಇಳಿದರು. ಕಟ್ಟೆ ಹಿಡಿದುಕೊಂಡು ಒಬ್ಬರ ಹಿಂದೊಬ್ಬರು ಸೇತುವೆ ದಾಟಿದೆವು. ಕಾರ್ಖಾನೆಗೆ ಕಬ್ಬು ಹಾಕಿ ಖಾಲಿ ಗಾಡಿಯಲ್ಲಿ ಮದ್ದೂರಿನ ಕಡೆ ಹೊರಟಿದ್ದವನೊಬ್ಬ ಆಚೆ ದಡದಲ್ಲಿ ಎತ್ತುಗಳಿಗೆ ನೀರು ಕುಡಿಸುತ್ತಿದ್ದ. ಮಾದಯ್ಯ ಎಂದು ಹೆಸರು. ನಮ್ಮನ್ನು ಹತ್ತಿಸಿಕೊಂಡ. ನಾನು ಬೋರಣ್ಣನ ತಂಗಿ ಎಂದು ತಿಳಿದ ಮೇಲೆ ಅವನ ಮಾತು ನಿಲ್ಲಲಿಲ್ಲ. ಬಸ್ಸಿನವರೆಲ್ಲ ಗಾಡಿಯವರನ್ನು ಕಂಡರೆ ಕೂಗಾಡುವವರೇ, ಬೋರಣ್ಣ ಮಾತ್ರ ಎದುರಿಗೆ ಬಂದಾಗಲೆಲ್ಲ ಕೈ ಎತ್ತುತ್ತಿದ್ದ, ಈಗೀಗ ಅವನೂ ಎತ್ತುವುದಿಲ್ಲ ಎಂದ.

"ನಾನೇನ್ ಬುಡಕಿಲ್ಲ ಕಣವ್ವ. ಅವ್ನ್ ಕಂಡೇಟ್ಗೆ ಬಾರ್ಕೋಲು ಎತ್ತೇ ಎತ್ತೀನಿ. ಒಂದಿನ ನೋಡ್ತಾನೆ."

ಕಡೆಗೆ ಜನರೇ ಎರಡು ಬಸ್ಸುಗಳನ್ನೂ ನೂಕಿ ಬಿಡಿಸಿದರಂತೆ. ಮರುದಿನದಿಂದ ನಾನು ಬೆಳಗಿನ ರೈಲಿಗೆ ಹೋಗತೊಡಗಿದೆ. ಸ್ಟೇಷನ್ನಿಗೆ ಹೋಗುವ ದಾರಿ ಬಸ್ಸು ನಿಲ್ಲುವ ಜಾಗದ ಮುಂದೆಯೇ ಇತ್ತು. ನಾನು ಹೋಗುವುದನ್ನು ಅಣ್ಣ ನೋಡುತ್ತಿದ್ದ. ಡ್ರೈವರನ ಸ್ವಂತ ತಂಗಿಯೇ ಆ ಬಸ್ಸು ಹತ್ತುವುದಿಲ್ಲ ಎಂಬ ಮಾತು ಪೇಟೆಯಲ್ಲಿ ಹಬ್ಬಿತು. ಮದ್ದೂರಿಗೆ ಹೋಗುವ ಕೆಲವು ಹೆಂಗಸರು ನನ್ನ ಜೊತೆ ರೈಲು ಹಿಡಿದರು. ಮನೆಯಲ್ಲಿ ಅಣ್ಣ ನನ್ನ ಜೊತೆ ಮಾತು ಬಿಟ್ಟ. ನನ್ನನ್ನು ಮೂಲೆಯಿಂದ ಎಬ್ಬಿಸಿ ದಾರಿಗೆ ಹಚ್ಚಿದವನು ಅವನು. ಅವನನ್ನು ನಾಲ್ಕು ಜನರೆದುರು ಹೀಗೆ ಮಾಡಿದೆನಲ್ಲ ಎಂದು ರೈಲಿನ ಕಿಟಕಿಯಲ್ಲಿ ಕೂತು ಸಂಕಟಪಡುತ್ತಿದ್ದೆ. ರೈಲಿನಿಂದ ಅಲ್ಲಲ್ಲಿ ರಸ್ತೆ ಕಾಣುತ್ತಿತ್ತು. ಹುಣಸೆಮರಗಳ ಸಂದಿಯಲ್ಲಿ ಒಂದರ ಬಾಲ ಇನ್ನೊಂದು ಕಚ್ಚಿಕೊಂಡಂತೆ ಎರಡು ಧೂಳಿನ ಮೋಡಗಳು ಓಡುವುದು ಕಂಡರೆ, ಮತ್ತೆ ರಸ್ತೆ ಕಾಣುವವರೆಗೂ ನನಗೆ ಸಮಾಧಾನವಿರುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ನಾನು ಆಸ್ಪತ್ರೆಯ ಜಗಲಿಯಲ್ಲಿ ಬಾಣಂತಿಯೊಬ್ಬಳನ್ನು ಬಿಸಿಲಿಗೆ ಕೂರಿಸುತ್ತಿದ್ದೆ. ಅಣ್ಣನ ಬಸ್ಸು ಗೇಟಿನೊಳಕ್ಕೆ ಬಂತು. ಹಾರನ್ ಇಲ್ಲ, ನಡೆಯುವವರ ವೇಗ. ಅಷ್ಟು ನಿಧಾನವಾಗಿ ಅದು ಬಂದದ್ದನ್ನು ಎಷ್ಟೋ ದಿನದಿಂದ ನೋಡಿರಲಿಲ್ಲವಾದ್ದರಿಂದ, ಏನೋ ಆಗಿಹೋಗಿದೆ ಎಂದು ಆಗಲೇ ತಿಳಿಯಿತು. ಒಳಗೆ ಸೀಟುಗಳ ನಡುವೆ ಗೌಸಣ್ಣನನ್ನು ಮಲಗಿಸಿದ್ದರು. ಅವರ ಬಲಗಾಲಿಗೆ ಅಣ್ಣನ ಪಂಚೆ ಸುತ್ತಿತ್ತು, ಪಂಚೆ ಪೂರಾ ಕೆಂಪಾಗಿತ್ತು. ಹಣೆ ಒಡೆದ, ಕೈ ಮುರಿದ ನಾಲ್ಕಾರು ಪ್ರಯಾಣಿಕರು. ಕಡೆಗೆ ಭುಜ ಹಿಡಿದುಕೊಂಡು ಇಳಿದವನು ಮಾದಯ್ಯ.

ಆದದ್ದು ಇಷ್ಟು. ಅಣ್ಣ ಮುಂದಿದ್ದ. ಗೌಸಣ್ಣ ಹಿಂದಿನಿಂದ ಹಾರನ್ ಹೊಡೆಯುತ್ತ ಸೈಡು ಕೇಳುತ್ತಿದ್ದರು. ಅಣ್ಣ ನಡುರಸ್ತೆ ಬಿಡಲಿಲ್ಲ. ಕಡೆಗೆ ಗೌಸಣ್ಣ ಬಲಕ್ಕೆ ಮಣ್ಣಿಗಿಳಿಸಿ ಮುಂದೆ ಹೋಗಲು ನೋಡಿದರು. ಎದುರಿನಿಂದ ಮಾದಯ್ಯನ ಕಬ್ಬಿನ ಗಾಡಿ ತನ್ನ ಮಗ್ಗುಲಿನಲ್ಲಿ ಬರುತ್ತಿತ್ತು. ಗಾಡಿಗೆ ನೇರ ಗುದ್ದುವುದನ್ನು ತಪ್ಪಿಸಲು ಗೌಸಣ್ಣ ಇನ್ನೂ ಬಲಕ್ಕೆ ತಿರುಗಿಸಿದರು. ಬಸ್ಸಿನ ಮೂತಿ ಹುಣಸೆಮರಕ್ಕೆ ಹೊಡೆಯಿತು, ಬಾಲ ಗಾಡಿಗೆ ತಗುಲಿ ಗಾಡಿ ಮಗುಚಿತು. ಅಣ್ಣನಿಗೆ ಇದಾವುದೂ ಕಾಣಲಿಲ್ಲ. ಹಾರನ್ ನಿಂತದ್ದಷ್ಟೇ ತಿಳಿಯಿತು. ಕನ್ನಡಿಯಲ್ಲಿ ನೋಡಿದ. ಧೂಳಿತ್ತು, ಬಸ್ಸಿರಲಿಲ್ಲ.

ಅವತ್ತು ಡಾಕ್ಟರಿಗೆ ಎರಡು ಕೈ ಸಾಲದೆ ನನ್ನನ್ನೂ ಕರೆದುಕೊಂಡರು. ಮಾದಯ್ಯನ ಭುಜಕ್ಕೆ ಬಟ್ಟೆ ಕಟ್ಟುವಾಗ ಅವನು ನೋವೆನ್ನಲಿಲ್ಲ. ಯಾರೋ ಕಂಡಕ್ಟರು, ಗಾಡಿಯವನು ನಿದ್ದೆ ಮಾಡುತ್ತಿದ್ದ ಎಂದು ಜಗಲಿಯಲ್ಲಿ ಹೇಳುತ್ತಿದ್ದದ್ದು ಅವನ ಕಿವಿಗೆ ಬಿದ್ದಿತ್ತು.

"ನಾ ಮಲ್ಗಿರ್ಲಿಲ್ಲ ಕಣವ್ವ" ಎಂದ. ಆಮೇಲೆ, "ಎಡಗಡೆ ಎತ್ತು ಎದ್ತಾ ಅಂತ ಯಾರ್ನಾರ ಕೇಳ್ಕೊಂಡ್ ಬತ್ತೀಯಾ?" ಎಂದು ಕೇಳಿದ.

ಆ ಎತ್ತು ಏಳಲಿಲ್ಲ.

ಮಧ್ಯಾಹ್ನ ಇಬ್ಬರು ಧಣಿಗಳೂ ಬಂದರು. ಒಬ್ಬರ ಮುಖ ಒಬ್ಬರು ನೋಡದವರು ಅವತ್ತು ಒಂದೇ ಕಾರಿನಲ್ಲಿ ಬಂದರು. ಕಬ್ಬಿನ ಗಾಡಿಯವರು ನಿದ್ದೆ ಮಾಡುವುದು ಊರಿಗೇ ಗೊತ್ತಿದ್ದ ಮಾತು, ಎತ್ತುಗಳೇ ದಾರಿ ಹಿಡಿದು ಕಾರ್ಖಾನೆ ಮುಟ್ಟಿಸುತ್ತಿದ್ದವು. ಗಾಡಿಯವನು ನಿದ್ದೆ ಹೋಗಿ ಗಾಡಿ ನಡುರಸ್ತೆಗೆ ಬಂತು ಎಂದು ಇಬ್ಬರು ಡ್ರೈವರುಗಳೂ ಹೇಳಿದರೆ ಅಲ್ಲಿಗೆ ಮುಗಿಯುತ್ತದೆ ಎಂದರು. ಅಣ್ಣನಿಗೆ ಅವನ ಧಣಿ ಬೇರೆಯಾಗಿ ಇನ್ನೂ ಏನೋ ಹೇಳಿದರು. ಅಣ್ಣ ತಲೆ ತಗ್ಗಿಸಿಕೊಂಡು ಕೇಳಿದ.

ಸಂಜೆ ನಾನು ಅಣ್ಣನ ಜೊತೆಗೇ ಮನೆಗೆ ಬಂದೆ. ಅತ್ತಿಗೆ ಇಟ್ಟ ಊಟ ಹಾಗೇ ಇತ್ತು. ಕೆಲಸ ಹೋದರೆ ಈ ಊರಿನಲ್ಲಿ ಮಕ್ಕಳನ್ನು ಹೇಗೆ ಸಾಕುವುದು ಎಂದು ಅವಳು ಒಲೆಯ ಮುಂದೆ ಕೂತೇ ಹೇಳಿದಳು. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ನಿಜ ಹೇಳು ಎಂದು ಹೇಳಲು ನನಗೂ ಬಾಯಿ ಬರಲಿಲ್ಲ. ಮಾದಯ್ಯ ನಿದ್ದೆ ಮಾಡುತ್ತಿದ್ದನೇ ಎಂದಷ್ಟೇ ಕೇಳಿದೆ. ಸೇತುವೆಯ ದಿನದ ಮೇಲೆ ಅಣ್ಣ ನನ್ನ ಮುಖ ನೋಡಿ ಮಾತಾಡಿದ್ದು ಆಗಲೇ.

"ನಿದ್ದೆ ಎಲ್ ಬಂತಮ್ಮಿ. ನನ್ ಕಂಡು ಬಾರ್ಕೋಲು ಎತ್ದ. ಇವತ್ತೂ ಎತ್ದ."

ಗೌಸಣ್ಣನನ್ನು ಅಲ್ಲಾಡಿಸುವಂತಿರಲಿಲ್ಲ. ಹಾಗಾಗಿ ತಾಲೂಕಿನ ಅಮಲ್ದಾರರು ಪೊಲೀಸಿನವರ ಜೊತೆ ಆಸ್ಪತ್ರೆಗೇ ವಿಚಾರಣೆಗೆ ಬಂದರು. ಗೌಸಣ್ಣನ ಮಂಚದ ಪಕ್ಕ ಕುರ್ಚಿ ಹಾಕಿಸಿದೆವು. ಅಣ್ಣ ಗೋಡೆಗೆ ಒರಗಿ ನಿಂತಿದ್ದ, ಮಾದಯ್ಯ ಬಾಗಿಲ ಹೊರಗೆ ಕೂತಿದ್ದ. ಔಷಧಿ ಕೊಡುವ ನೆಪದಲ್ಲಿ ನಾನೂ ಅಲ್ಲೇ ಉಳಿದೆ. ಗೌಸಣ್ಣನ ಹೆಂಡತಿ ಬುರುಖಾ ಮುಖದಿಂದ ಸರಿಸಿ ಗಂಡನನ್ನೇ ನೋಡುತ್ತಿದ್ದರು. ಅಮಲ್ದಾರರು ಕೇಳಿದ್ದಕ್ಕೆ ಮೊದಲು ಗೌಸಣ್ಣ ಹೇಳಿದರು.

"ಗಾಡಿಯೋಂದು ಏನೂ ಇಲ್ಲ ಸ್ವಾಮಿ. ಅವ ಅವನ ದಾರೀಲಿ ಬತ್ತಿದ್ದ. ನುಗ್ಗಿದ್ದು ನಾನು."

ಅಮಲ್ದಾರರು ಅಣ್ಣನ ಕಡೆ ತಿರುಗಿದರು. ಅಣ್ಣ ಗೋಡೆ ಬಿಟ್ಟು ಮುಂದೆ ಬಂದ.

"ಅವ್ರು ನುಗ್ಗಂಗೆ ಮಾಡ್ದೋನು ನಾನು ಸ್ವಾಮಿ. ಹಾರನ್ನು ಕೇಳುಸ್ತಿತ್ತು. ರೋಡು ಅಗ್ಲವಾಗೇ ಇತ್ತು. ನಾನೇ ಸೈಡು ಕೊಡ್ಲಿಲ್ಲ."

ಇಬ್ಬರೂ ಮೊದಲೇ ಮಾತಾಡಿಕೊಂಡು ಹೀಗೆ ಹೇಳುತ್ತಿದ್ದೀರಾ ಎಂದು ಅಮಲ್ದಾರರು ಕೇಳಿದರು. ನಾಲೆಯ ಸೇತುವೆಯ ಮೇಲೆ ಆಡಿದ ಮಾತಿನ ನಂತರ ಅವರಿಬ್ಬರೂ ಒಬ್ಬರಿಗೊಬ್ಬರು ಮಾತಾಡಿರಲಿಲ್ಲ ಎಂಬುದು ಅವರನ್ನು ಬಿಟ್ಟರೆ ಅಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಗೌಸಣ್ಣ ದಿಂಬಿನ ಮೇಲೆ ತಲೆ ಹೊರಳಿಸಿ ಅಣ್ಣನನ್ನು ನೋಡಿದರು. ಅಣ್ಣನ ಕಣ್ಣಲ್ಲಿ ನೀರಿತ್ತು. ಬಾಗಿಲ ಹೊರಗೆ ಮಾದಯ್ಯ ಎದ್ದು ನಿಂತದ್ದು ಕೇಳಿಸಿತು.

ಮಾದಯ್ಯನ ಮೇಲೆ ಯಾವ ಮೊಕದ್ದಮೆಯೂ ಆಗಲಿಲ್ಲ. ಅಣ್ಣನ ಲೈಸೆನ್ಸನ್ನು ಒಂದು ವರ್ಷಕ್ಕೆ ಕಿತ್ತುಕೊಂಡರು. ಧಣಿ ಅದಕ್ಕೂ ಮೊದಲೇ ಅವನನ್ನು ಬಿಡಿಸಿಬಿಟ್ಟಿದ್ದರು. ಗೌಸಣ್ಣ ಬದುಕಿದರು. ಆದರೆ ಆ ಕಾಲು ಮತ್ತೆ ಮಡಿಸಲು ಬರಲಿಲ್ಲ, ಬ್ರೇಕು ಒತ್ತುವ ಶಕ್ತಿಯಂತೂ ಅದಕ್ಕೆ ಮರಳಲೇ ಇಲ್ಲ. ಮರ ಗುದ್ದಿದ ಬಸ್ಸನ್ನು ಎಳೆದುಕೊಂಡು ಹೋದರು. ಹೊಸ ಡ್ರೈವರುಗಳು ಬಂದರು. ಆ ವಾರ ಮುಗಿಯುವ ಮುಂಚೆಯೇ ಅದೇ ಹೊತ್ತಿಗೆ ಎರಡು ಬಸ್ಸುಗಳು ಮಂಡ್ಯದಿಂದ ಹೊರಡುವುದು ಮತ್ತೆ ಶುರುವಾಯಿತು.

ಕಬ್ಬು ಅರೆಯುವ ಕಾಲ ಇನ್ನೂ ಮುಗಿದಿರಲಿಲ್ಲ. ಮಾದಯ್ಯನ ಗದ್ದೆಯಲ್ಲಿ ಕಡಿದ ಕಬ್ಬು ಒಣಗುತ್ತಿತ್ತು, ಅವನಿಗೆ ಒಂದೇ ಎತ್ತು, ಒಂದೇ ಕೈ. ಅಣ್ಣ ಯಾರಿಗೂ ಹೇಳದೆ ನಮ್ಮೂರಿಗೆ ಹೋದ. ಅಪ್ಪನ ಜೋಡಿಯಲ್ಲಿ ಒಂದು ಎತ್ತನ್ನು ಹೊಡೆದುಕೊಂಡು ಬಂದು ಮಾದಯ್ಯನ ಎತ್ತಿನ ಪಕ್ಕ ನೊಗಕ್ಕೆ ಕಟ್ಟಿದ. ತಾನೇ ಗಾಡಿ ಹೊಡೆದ. ಆ ಎರಡು ಎತ್ತುಗಳಿಗೆ ಮೊದಮೊದಲು ಹೊಂದಿಕೆಯಾಗದೆ ಗಾಡಿ ಅತ್ತ ಇತ್ತ ವಾಲುತ್ತಿತ್ತಂತೆ. ಅತ್ತಿಗೆ ಅತ್ತಳು, ಆಮೇಲೆ ಬುತ್ತಿ ಕಟ್ಟಿಕೊಟ್ಟಳು. ನನ್ನ ಸಂಬಳದಲ್ಲಿ ಮನೆ ನಡೆಯಿತು. ಅದನ್ನು ಅಣ್ಣನೂ ಮಾತಿಗೆ ತರಲಿಲ್ಲ, ನಾನೂ ತರಲಿಲ್ಲ.

ಆ ದಿನಗಳಲ್ಲೊಮ್ಮೆ ರೈಲು ತಪ್ಪಿ ನಾನು ಬಸ್ಸಿಗೆ ಹತ್ತಿದ್ದೆ. ಹೊಸ ಡ್ರೈವರು ಚಿಕ್ಕ ವಯಸ್ಸಿನವನು, ಕತ್ತು ಹೊರಗೆ ಹಾಕಿ ಎಲ್ಲರನ್ನೂ ಬೈಯುತ್ತಿದ್ದ. ಎದುರಿಗೆ ಕಬ್ಬಿನ ಗಾಡಿಗಳ ಸಾಲು ಬಂತು. ರಸ್ತೆ ಬಿಟ್ಟು ಸಾಯಿರಿ ಎಂದು ಅವನು ಕಿರುಚಿದಾಗ ಮೊದಲ ಗಾಡಿಯವನು ಗಾಡಿ ಮುಂದಿನ ಮೂಕಿಯಿಂದ ಕೆಳಗಿಳಿದು, ಬೆದರಿದ ಎತ್ತಿನ ಮೂಗುದಾರ ಹಿಡಿದು, ಅದರ ಕಣ್ಣಿಗೆ ಅಂಗೈ ಅಡ್ಡ ಇಟ್ಟುಕೊಂಡು ನಿಂತ. ಅದು ಅಣ್ಣ. ಬಸ್ಸು ಅವನ ಮೊಣಕೈ ಸವರಿಕೊಂಡು ಹೋಯಿತು. ಅವನು ನನ್ನನ್ನು ನೋಡಲಿಲ್ಲ. ಎತ್ತಿನ ಕಿವಿಯಲ್ಲಿ ಏನೋ ಹೇಳುತ್ತಿದ್ದ. ನಾನು ಮದ್ದೂರು ಬರುವವರೆಗೂ ತಲೆ ಎತ್ತಲಿಲ್ಲ.

ಮಳೆಗಾಲಕ್ಕೆ ಮುಂಚೆ ಗೌಸಣ್ಣ ಊರುಗೋಲು ಹಿಡಿದು ನಮ್ಮ ಮನೆ ಬಾಗಿಲಿಗೆ ಬಂದರು. ಪೇಟೆಯ ಅಂಚಿನಲ್ಲಿ ತಗಡಿನ ಸೂರು ಹಾಕಿ ಮೋಟಾರು ಗಾಡಿ ರಿಪೇರಿ ಮಾಡುವುದೆಂದು ನಿಶ್ಚಯಿಸಿದ್ದರು. ಬಗ್ಗಿ ನೋಡಲು ತಮಗೆ ಆಗುವುದಿಲ್ಲ, ಬಗ್ಗಲು ಒಬ್ಬ ಬೇಕು ಎಂದರು. ಅಣ್ಣ ಅಂಗಿ ಹಾಕಿಕೊಂಡು ಅವರ ಹಿಂದೆಯೇ ಹೊರಟ. ಕೆಲಸ ಬೇಕಾದಷ್ಟು ಬಂತು. ಯುದ್ಧದ ಲಾರಿಗಳು ಸಾಲುಗಟ್ಟಿ ಆ ರಸ್ತೆಯಲ್ಲಿ ಓಡಾಡತೊಡಗಿದ್ದವು, ಗುದ್ದಿಕೊಂಡ ಬಸ್ಸುಗಳಿಗೂ ಕೊರತೆಯಿರಲಿಲ್ಲ. ಗೌಸಣ್ಣ ಸ್ಟೂಲಿನ ಮೇಲೆ ಕೂತು ಸದ್ದು ಕೇಳುವರು, ಅಣ್ಣ ಕೆಳಗೆ ಮಲಗಿ ಬಿಚ್ಚುವನು. ಆದರೆ ಒಂದು ಗಾಡಿಯನ್ನೂ ಅಣ್ಣ ನಡೆಸಿ ನೋಡುತ್ತಿರಲಿಲ್ಲ. ವರ್ಷ ತುಂಬಿ ಲೈಸೆನ್ಸು ಕೈಗೆ ಬಂದ ಮೇಲೂ ಅದನ್ನು ಅತ್ತಿಗೆಯ ಕೈಗೆ ಕೊಟ್ಟು ಸುಮ್ಮನಾದ.

ಮಳವಳ್ಳಿಯ ಕಡೆಯ ಒಂದು ಹಳೆಯ ಬಸ್ಸು ರಿಪೇರಿಗೆ ಬಂದಿತ್ತು. ಕೆಲಸ ಮುಗಿದ ದಿನ ಭಾನುವಾರ. ನಾನು ಅಣ್ಣನಿಗೆ ಊಟ ತೆಗೆದುಕೊಂಡು ಹೋಗಿದ್ದೆ. ಗೌಸಣ್ಣ ಊರುಗೋಲನ್ನು ನನ್ನ ಕೈಗೆ ಕೊಟ್ಟು, ಕಂಬಿ ಹಿಡಿದು ತಾವೇ ಮೇಲಕ್ಕೆ ಹತ್ತಿ ಡ್ರೈವರ್ ಸೀಟಿನ ಪಕ್ಕ ಕೂತರು.

"ಬಾ ಬೋರ, ಹತ್ತು" ಎಂದರು. "ನಂಗೆ ಕಾಲಿಲ್ಲ. ನಿಂಗೆ ಐತೆ."

ಅಣ್ಣ ಎಣ್ಣೆ ಮೆತ್ತಿದ ಕೈಗಳನ್ನು ಬಹಳ ಹೊತ್ತು ಒರೆಸಿಕೊಂಡ. ನನ್ನ ಕಡೆ ನೋಡಿದ. ನಾನು ಹತ್ತಿ ಅವನ ಹಿಂದಿನ ಸೀಟಿನಲ್ಲಿ ಕೂತೆ. ಆಮೇಲೆ ಅವನೂ ಹತ್ತಿದ.

ಮದ್ದೂರಿನ ರಸ್ತೆಗೆ ಹೊರಟೆವು. ಊರು ದಾಟುವವರೆಗೂ ಅವನ ಭುಜಗಳು ಕಲ್ಲಿನಂತಿದ್ದವು. ಬಯಲಿಗೆ ಬಂದ ಮೇಲೆ ಸ್ವಲ್ಪ ಸಡಿಲಾದವು. ಅಷ್ಟರಲ್ಲಿ ಹಿಂದಿನಿಂದ ಹಾರನ್ ಕೇಳಿಸಿತು. ಯಾವುದೋ ಬಸ್ಸು, ಬಿಡದೆ ಹೊಡೆಯುತ್ತಿತ್ತು. ಅಣ್ಣನ ಬಲಗಾಲು ಒತ್ತಿತು, ನಮ್ಮ ಬಸ್ಸು ಜಿಗಿಯಿತು. ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟಾಗ ಅಣ್ಣ ಕಾಲು ಸಡಿಲಿಸಿ, ಬಸ್ಸನ್ನು ಎಡಕ್ಕೆ, ಇನ್ನೂ ಎಡಕ್ಕೆ, ಮರಗಳ ಬುಡದ ಮಣ್ಣಿಗೆ ಇಳಿಸಿ ನಿಲ್ಲಿಸುತ್ತಿದ್ದ. ಕಿಟಕಿಯಿಂದ ಬಲಗೈ ಹೊರಗೆ ಚಾಚಿ, ಹೋಗು ಎಂದು ಬೀಸಿದ.

ಆ ಬಸ್ಸು ಬೈದುಕೊಂಡೇ ಹೋಯಿತು. ಅದೆಬ್ಬಿಸಿದ ಧೂಳು ಒಳಗೆಲ್ಲ ತುಂಬಿ ನಮಗೆ ಒಬ್ಬರ ಮುಖ ಒಬ್ಬರಿಗೆ ಕಾಣಲಿಲ್ಲ. ಗೌಸಣ್ಣ ಕೆಮ್ಮಿದರು. ಧೂಳು ಇಳಿದು ರಸ್ತೆ ಮತ್ತೆ ಕಾಣುವವರೆಗೂ ಕೂತಿದ್ದು, ಆಮೇಲೆ ಅಣ್ಣ ಗೇರು ಹಾಕಿದ.